ಗುಂಡಿ ಒತ್ತುವ ಮೊದಲು, ಒತ್ತಿದ ಮೇಲೆ

ಸ್ನೇಹಿತರೇ, ಇವತ್ತಿನ ಮಾತು ಸೆಂಟ್ರಿಫ್ಯೂಗಲ್ ಪಂಪಿನ, ಅಂದರೆ ತಿರುಗುವ ಚಕ್ರದಿಂದ ದ್ರವವನ್ನು ಎಸೆದು ಎತ್ತುವ ಪಂಪಿನ ಬಗ್ಗೆ. ಗೇರ್ ಪಂಪಿನ ಹೆಸರು ಮಧ್ಯೆ ಒಮ್ಮೆ ಬರುತ್ತದೆ. ಅಲ್ಲಿ ನಿಯಮವೇ ತಲೆಕೆಳಗು.

ರಿಪೇರಿಯಿಂದ ಬಂದ ಪಂಪಾದರೆ ಮೊದಲು ಮೋಟಾರು ತಿರುಗುವ ದಿಕ್ಕು ನೋಡಿ, ಅದೂ ಕಪ್ಲಿಂಗ್ (ಮೋಟಾರನ್ನು ಪಂಪಿಗೆ ಜೋಡಿಸುವ ಭಾಗ) ಬಿಚ್ಚಿಯೇ. ಮೂರರಲ್ಲಿ ಎರಡು ಫೇಸು ಅದಲುಬದಲಾಗಿದ್ದರೆ ಮೋಟಾರು ಉಲ್ಟಾ ತಿರುಗುತ್ತದೆ. ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ಚಕ್ರ) ಶಾಫ್ಟಿಗೆ ಥ್ರೆಡ್‌ನಿಂದ ಕೂತಿದ್ದರೆ ಕಳಚಿಕೊಂಡು ಕೇಸಿಂಗಿಗೆ, ಅಂದರೆ ಪಂಪಿನ ಹೊರಕವಚಕ್ಕೆ ಗುದ್ದುತ್ತದೆ. ಉಲ್ಟಾ ತಿರುಗುವ ಪಂಪೂ ಒಂದಿಷ್ಟು ನೀರು ಕೊಡುತ್ತದೆ. ಹಾಗಾಗಿ 'ನೀರು ಬರ್ತಿದೆಯಲ್ಲ' ಅನ್ನುವುದು ಪುರಾವೆ ಅಲ್ಲ. ಆಮೇಲೆ ವಿದ್ಯುತ್ ಕಡಿದು, ಬೀಗ ಹಾಕಿ, ಕಪ್ಲಿಂಗ್ ಜೋಡಿಸಿ, ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಿ. ಎಲ್ಲೂ ಹಿಡಿಯಬಾರದು. ಗಾರ್ಡು ಹಾಕಿ, ಬೇರಿಂಗ್ ಎಣ್ಣೆ ಗಾಜಿನ ಅರ್ಧಕ್ಕಿದೆಯೇ ನೋಡಿಕೊಳ್ಳಿ.

ಇನ್ನು ಪ್ರೈಮಿಂಗ್, ಅಂದರೆ ಪಂಪಿನೊಳಗಿನ ಗಾಳಿ ಕಳೆದು ದ್ರವ ತುಂಬುವುದು. ದ್ರವ ಒಳಬರುವ ಕಡೆಯ ಸಕ್ಷನ್ ವಾಲ್ವ್ ಪೂರ್ತಿ ತೆರೆದು, ಕೇಸಿಂಗಿನ ಮೇಲಿನ ಏರ್ ಕಾಕ್‌ನಿಂದ ಗುಳ್ಳೆ ನಿಂತು ಧಾರೆ ಬರುವ ತನಕ ಕಾಯಿರಿ. ಆಸಿಡ್ ಅಥವಾ ಸಾಲ್ವೆಂಟ್ ಆದರೆ ಬಯಲಿಗೆ ಬಿಡಬೇಡಿ, ಮುಚ್ಚಿದ ಪೈಪಿಗೆ ಬಿಡಿ. ಇಷ್ಟು ಕಟ್ಟುನಿಟ್ಟು ಏಕೆ? 50 ಮೀಟರ್ ಎತ್ತುವ ಪಂಪಿನಲ್ಲಿ ಗಾಳಿ ತುಂಬಿದ್ದರೆ ಅದು ಹುಟ್ಟಿಸುವುದು 50 ಮೀಟರ್ ಎತ್ತರದ ಗಾಳಿಕಂಬದ ಒತ್ತಡ ಮಾತ್ರ. ನೀರಿನ ಲೆಕ್ಕದಲ್ಲಿ ಅದು ಸುಮಾರು 6 ಸೆಂಟಿಮೀಟರ್! ಬಾವಿಯ ನೀರು ಏರುವುದೆಲ್ಲಿಂದ? ಇತ್ತ ಶಾಫ್ಟಿನ ಬಳಿ ಸೋರದಂತೆ ತಡೆಯುವ ಮೆಕ್ಯಾನಿಕಲ್ ಸೀಲಿನ ಎರಡು ಮುಖಗಳ ನಡುವಿನ ತೆಳು ದ್ರವಪದರ ಆರಿಹೋಗುತ್ತದೆ. ಒಣಗಿ ತಿರುಗಿದ ಸೀಲು ಸ್ವಲ್ಪ ಹೊತ್ತಿನಲ್ಲೇ ಕಾದು ಬಿರಿಯುತ್ತದೆ.

ದ್ರವ ಹೊರಹೋಗುವ ಕಡೆಯ ಡೆಲಿವರಿ ವಾಲ್ವ್ ಮುಚ್ಚಿ ಅಥವಾ ಚೂರೇ ತೆರೆದು ಗುಂಡಿ ಒತ್ತಿ. ಸಾಮಾನ್ಯ ರೇಡಿಯಲ್ ಪಂಪು (ದ್ರವವನ್ನು ಚಕ್ರದ ಅಂಚಿಗೆ ಎಸೆಯುವಂಥದ್ದು) ಹರಿವಿಲ್ಲದಾಗ ಅತಿ ಕಡಿಮೆ ಶಕ್ತಿ ಬೇಡುತ್ತದೆ. ನೇರವಾಗಿ ಚಾಲೂ ಆಗುವ ಮೋಟಾರು ಆ ಕ್ಷಣ ತನ್ನ ಸಾಧಾರಣ ಕರೆಂಟಿನ ಆರೇಳು ಪಟ್ಟು ಎಳೆಯುತ್ತದೆ. ವೇಗ ಕೂಡಿ ಗೇಜು ಏರಿದ ಕೂಡಲೇ ಆಂಪ್ಸ್ ನೋಡುತ್ತಾ ವಾಲ್ವನ್ನು ಮೆಲ್ಲಗೆ ತೆರೆಯಿರಿ. ಮುಚ್ಚಿಯೇ ಬಿಟ್ಟರೆ ಮೋಟಾರಿನ ಶಕ್ತಿಯೆಲ್ಲ ಒಳಗಿನ ದ್ರವವನ್ನೇ ಕಾಯಿಸುತ್ತದೆ. ಗೇರ್, ಸ್ಕ್ರೂ, ಪಿಸ್ಟನ್ ಪಂಪುಗಳಲ್ಲಿ ಮಾತ್ರ ಡೆಲಿವರಿ ಮುಚ್ಚಿ ಚಾಲೂ ಮಾಡಲೇಬೇಡಿ. ಒಳಕ್ಕೆ ಬಂದ ದ್ರವಕ್ಕೆ ಬೇರೆ ದಾರಿಯಿಲ್ಲ. ಒತ್ತಡ ಮಿತಿಮೀರಿದಾಗ ತೆರೆಯುವ ರಿಲೀಫ್ ವಾಲ್ವ್ ಕೆಲಸ ಮಾಡದಿದ್ದರೆ ಪೈಪೋ ಕೇಸಿಂಗೋ ಒಡೆಯುತ್ತದೆ. ದ್ರವವನ್ನು ಶಾಫ್ಟಿನ ಉದ್ದಕ್ಕೇ ತಳ್ಳುವ ಆಕ್ಸಿಯಲ್ ಪಂಪನ್ನೂ ಡೆಲಿವರಿ ತೆರೆದೇ ಚಾಲೂ ಮಾಡಬೇಕು, ಅಲ್ಲಿ ವಾಲ್ವ್ ಮುಚ್ಚಿದಾಗಲೇ ಹೊರೆ ಹೆಚ್ಚು.

ಓಡುವಾಗ ಜಲ್ಲಿ ಉರುಳಿದಂಥ ಸದ್ದು ಬಂದರೆ ಅದು ಕ್ಯಾವಿಟೇಶನ್, ಅಂದರೆ ಒತ್ತಡ ಕುಸಿದು ದ್ರವದಲ್ಲಿ ಹುಟ್ಟಿದ ಆವಿಗುಳ್ಳೆಗಳು ಒಡೆಯುವುದು. ಸಕ್ಷನ್ ಸ್ಟ್ರೈನರ್ (ಜರಡಿ) ಕಟ್ಟಿದೆಯೇ, ತೊಟ್ಟಿಯ ಮಟ್ಟ ಇಳಿದಿದೆಯೇ ನೋಡಿ. ಹರಿವು ತಗ್ಗಿಸಲು ಸಕ್ಷನ್ ವಾಲ್ವ್ ಮುಟ್ಟಲೇಬೇಡಿ. ಸೀಲಿನ ಬದಲು ಶಾಫ್ಟಿನ ಸುತ್ತ ಪ್ಯಾಕಿಂಗ್ ಇರುವ ಪಂಪಾದರೆ, ಅದನ್ನು ಒತ್ತಿ ಹಿಡಿಯುವ ಗ್ಲಾಂಡಿನಿಂದ ತೊಟ್ಟಿಕ್ಕುವುದನ್ನು ಪೂರ್ತಿ ನಿಲ್ಲಿಸಲು ಹೋಗಬೇಡಿ; ಪ್ಯಾಕಿಂಗ್ ತಣ್ಣಗಿರುವುದು ಆ ಹನಿಗಳಿಂದಲೇ.

ನಿಲ್ಲಿಸುವಾಗ ಡೆಲಿವರಿ ವಾಲ್ವ್ ನಿಧಾನ ಮುಚ್ಚಿ, ತಕ್ಷಣ ಮೋಟಾರು ಆಫ್ ಮಾಡಿ. ಶಾಫ್ಟು ಹಂತಹಂತವಾಗಿ ನಿಲ್ಲಬೇಕು. ಗಕ್ಕನೆ ನಿಂತರೆ ಒಳಗೇನೋ ಹಿಡಿದಿದೆ. ಕರೆಂಟ್ ಹೋಗಿ, ದ್ರವ ಹಿಂದಿರುಗದಂತೆ ತಡೆಯುವ ನಾನ್-ರಿಟರ್ನ್ ವಾಲ್ವ್ ಸೋರುತ್ತಿದ್ದರೆ ಮೇಲಿನ ದ್ರವ ಇಳಿದು ಪಂಪನ್ನು ಹಿಂದಕ್ಕೆ ತಿರುಗಿಸುತ್ತದೆ. ಆಗ ಚಾಲೂ ಮಾಡಿದರೆ ಶಾಫ್ಟೇ ಮುರಿದೀತು.

ಸಕ್ಷನ್ ವಾಲ್ವನ್ನು ಪಂಪನ್ನು ರಿಪೇರಿಗೆ ಬಿಚ್ಚುವಾಗಷ್ಟೇ ಮುಚ್ಚಿ. ಎರಡೂ ಮುಚ್ಚಿರುವಾಗ ಯಾರೋ ಕಂಟ್ರೋಲ್ ರೂಮಿನಿಂದ ಚಾಲೂ ಮಾಡಿದರೆ ಸಿಕ್ಕಿಬಿದ್ದ ದ್ರವ ಕಾದು ಕೇಸಿಂಗ್ ಸಿಡಿಯಬಹುದು. ಆದ್ದರಿಂದ ವಾಲ್ವಿಗೆ ಮುನ್ನ ಬ್ರೇಕರಿಗೆ ಬೀಗ, ಟ್ಯಾಗ್; ಆಮೇಲೆ ಗೇಜು ಸೊನ್ನೆಗಿಳಿದು ಡ್ರೈನ್ ಖಾಲಿಯಾದ ಮೇಲೆಯೇ ಸ್ಪ್ಯಾನರ್.