ಕೊಳೆ ಔಷಧಿಗೆ ಬಿದ್ದ ಫೋನ್: ಫೋಟೋಗಳನ್ನು ಮನೆ ಕಂಪ್ಯೂಟರಿಗೆ ಹಾಕಿಕೊಳ್ಳುವುದು ಹೇಗೆ?

(ದೃಶ್ಯ: ಅಡಿಕೆ ತೋಟ, ಜಿಟಿಜಿಟಿ ಮಳೆ. ನೀಲಿ ನೀರು ತುಂಬಿದ ಡ್ರಮ್.)

ನಮಸ್ಕಾರ, ಶಿರಸಿಯಿಂದ ಮಾತಾಡುತ್ತಿದ್ದೇನೆ. ಈ ಡ್ರಮ್ಮಿನಲ್ಲಿರುವುದು ಮೈಲುತುತ್ತ, ಸುಣ್ಣ ಸೇರಿಸಿದ ಕೊಳೆ ಔಷಧಿ, ಅಂದರೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿ. ಹೋದ ಮಳೆಗಾಲದಲ್ಲಿ ಅಪ್ಪಯ್ಯ ಇದನ್ನು ಕದಡಲು ಬಗ್ಗಿದರು. ಅಂಗಿ ಜೇಬಿನಲ್ಲಿದ್ದ ಫೋನ್ ಗುಳುಂ!

ಒರೆಸಿ, ಬಿಸಿಲಿಲ್ಲದ ಊರಲ್ಲಿ ಒಲೆ ಹತ್ತಿರ ಇಟ್ಟು, ಎಲ್ಲ ಮಾಡಿದ್ದಾಯಿತು. ಏಳಲಿಲ್ಲ. 2024ರ ಮಾರಿಕಾಂಬಾ ಜಾತ್ರೆಯಲ್ಲಿ ಅಮ್ಮಮ್ಮ ಬಳೆ ಇಡಿಸಿಕೊಳ್ಳುತ್ತಿದ್ದ ಫೋಟೋ ಅದರಲ್ಲಿತ್ತು. ಎರಡು ವರ್ಷಕ್ಕೊಮ್ಮೆ ಜಾತ್ರೆ ಬರುತ್ತದೆ. ಅಮ್ಮಮ್ಮ ಈಗ ಇಲ್ಲ.

ಗೂಗಲ್ ಫೋಟೋಸ್‌ನಲ್ಲಿ ಇರಬೇಕಲ್ವಾ? ಅಲ್ಲಿ ಪುಕ್ಕಟೆ ಜಾಗ 15 ಜಿಬಿ. ಜಿಮೇಲ್, ಡ್ರೈವ್ ಎಲ್ಲ ಸೇರಿ ಅಷ್ಟೇ. ತುಂಬಿದರೆ ಹೊಸ ಫೋಟೋ ಹೋಗುವುದಿಲ್ಲ. ‘ತುಂಬಿದೆ’ ಅಂತ ಸೂಚನೆ ಬರುತ್ತಲೇ ಇತ್ತು. ಸುಮ್ನೆ ಬದಿಗೆ ಸರಿಸುತ್ತಿದ್ದವನು ನಾನೇ.

(ದೃಶ್ಯ: ಮೇಜಿನ ಮೇಲೆ ಎರಡು ಕೇಬಲ್.)

ನಮ್ಮ ಕಡೆ ಕರೆಂಟ್ ಹೋದರೆ ಟವರೂ ಮಲಗುತ್ತದೆ. ಅದಕ್ಕೇ ಫೋನ್ ಸರಿ ಇರುವಾಗಲೇ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿಕೊಳ್ಳಲು ನನಗೆ ಕೇಬಲ್ ಇಷ್ಟ. ಆದರೆ ನೋಡಿ, ಇವೆರಡೂ ಒಂದೇ ತರ ಕಾಣುತ್ತವೆ. ಈ ಎಡಗಡೆಯದು ಚಾರ್ಜ್ ಮಾಡುತ್ತದೆ, ಫೈಲ್ ಸಾಗಿಸುವುದಿಲ್ಲ. ಡೇಟಾ ತಂತಿಯೇ ಇದರೊಳಗಿಲ್ಲ. ಇದನ್ನು ಹಿಡಿದುಕೊಂಡು ನಾನು ಅರ್ಧ ದಿನ ಕಂಪ್ಯೂಟರಿಗೆ ಬೈದಿದ್ದೇನೆ. ಫೋನ್ ಜೊತೆ ಬಂದ ಕೇಬಲ್ಲನ್ನೇ ಮೊದಲು ಹುಡುಕಿ.

ಸಿಕ್ಕಿಸಿ, ಲಾಕ್ ತೆಗೆಯಿರಿ. ಆಂಡ್ರಾಯ್ಡ್ ಫೋನ್ ಸಾಮಾನ್ಯವಾಗಿ ಬರೀ ಚಾರ್ಜ್ ಆಗುತ್ತಾ ಕೂರುತ್ತದೆ. ಮೇಲಿಂದ ಪರದೆ ಎಳೆದು, ಯುಎಸ್‌ಬಿ ಸೂಚನೆ ಒತ್ತಿ, ‘ಫೈಲ್ ಟ್ರಾನ್ಸ್‌ಫರ್’ ಆರಿಸಿ. ಐಫೋನ್ ಆದರೆ ‘ಟ್ರಸ್ಟ್’ ಒತ್ತಿದರಾಯಿತು.

ವಿಂಡೋಸ್‌ನಲ್ಲಿ ‘ದಿಸ್ ಪಿಸಿ’ ತೆರೆದರೆ ಫೋನಿನ ಹೆಸರು ಕಾಣುತ್ತದೆ. ಆಂಡ್ರಾಯ್ಡ್ ಆದರೆ ಅದರೊಳಗೆ ಡಿಸಿಐಎಂ ಅನ್ನುವ ಫೋಲ್ಡರ್, ಅದರೊಳಗೆ ಕ್ಯಾಮೆರಾ. ನೀವು ತೆಗೆದ ಫೋಟೋಗಳು ಇಲ್ಲಿರುತ್ತವೆ. ವಾಟ್ಸಾಪ್‌ನವು ಬೇರೆ ಕಡೆ: ಆಂಡ್ರಾಯ್ಡ್, ಮೀಡಿಯಾ, ಕಾಮ್ ಡಾಟ್ ವಾಟ್ಸಾಪ್ ಅಂತ ಒಳಗೊಳಗೆ ಹೋಗಬೇಕು. ಅಲ್ಲಿ ಗುಡ್ ಮಾರ್ನಿಂಗ್ ಹೂವುಗಳೇ ಜಾಸ್ತಿ, ಆದರೂ ಬಿಡಬೇಡಿ. ಅಮ್ಮಮ್ಮನ ಫೋಟೋ ಕೊನೆಗೆ ಸಿಕ್ಕಿದ್ದು ಅತ್ತೆಯ ವಾಟ್ಸಾಪ್‌ನಲ್ಲಿ. ಪ್ರಿಂಟ್ ಹಾಕಿಸಿದರೆ ಬಳೆಗಳೆಲ್ಲ ಕಲಸಿಹೋಗಿವೆ. ಕಳಿಸುವಾಗ ವಾಟ್ಸಾಪ್ ಫೋಟೋವನ್ನು ಕುಗ್ಗಿಸುತ್ತದೆ. ಮೂಲ ಫೈಲೇ ಬೇಕು ಅನ್ನುವುದು ಇದಕ್ಕೆ.

(ದೃಶ್ಯ: ಪರದೆಯಲ್ಲಿ ಫೈಲ್‌ಗಳು ಸಾಗುತ್ತಿವೆ.)

ಕಟ್ ಮಾಡಬೇಡಿ, ಕಾಪಿ ಮಾಡಿ. ಅರ್ಧದಲ್ಲಿ ಕರೆಂಟ್ ಹೋದರೂ ಮೂಲ ಫೋನಿನಲ್ಲೇ ಇರುತ್ತದೆ. ಮುಗಿದ ಮೇಲೆ ಫೋನಿನ ಫೋಲ್ಡರ್, ಕಂಪ್ಯೂಟರಿನ ಫೋಲ್ಡರ್ ಎರಡನ್ನೂ ತೆರೆದು ಫೈಲ್‌ಗಳ ಸಂಖ್ಯೆ ಹೋಲಿಸಿ. ನಾಲ್ಕಾರು ವಿಡಿಯೋ ಓಡಿಸಿಯೂ ನೋಡಿ. ಫೋನಿನಿಂದ ಅಳಿಸುವ ಮಾತು ಆಮೇಲೆ.

ನಂಬರುಗಳಿಗೆ ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲಿ ‘ಎಕ್ಸ್‌ಪೋರ್ಟ್’ ಇದೆ. ಒಂದು ವಿಸಿಎಫ್ ಫೈಲ್ ಆಗುತ್ತದೆ, ಅದನ್ನೂ ಜೊತೆಗೆ ಹಾಕಿಕೊಳ್ಳಿ.

ಗುಡುಗು ಶುರುವಾದರೆ ಕಂಪ್ಯೂಟರಿನ ಪ್ಲಗ್ ಕಿತ್ತಿಡುವ ಊರು ನಮ್ಮದು. ಸಿಡಿಲಿಗೆ ಕಂಪ್ಯೂಟರೇ ಹೋದರೆ? ಹಾಗಾಗಿ ಇನ್ನೊಂದು ಪ್ರತಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ. ಕಾಪಿ ಆದ ಕೂಡಲೇ ಬಿಚ್ಚಿಡಿ. ನಮ್ಮಲ್ಲಿ ಅದು ಸೊಸೈಟಿ ಪಾಸ್‌ಬುಕ್ ಇರುವ ಕಪಾಟಿನಲ್ಲಿದೆ, ಕೀಲಿ ಆಯಿಯ (ಅಮ್ಮನ) ಹತ್ತಿರ.

(ದೃಶ್ಯ: ಅಪ್ಪಯ್ಯ ಹೊಸ ಫೋನನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ, ಮತ್ತೆ ಅದೇ ಅಂಗಿ ಜೇಬಿಗೆ ಹಾಕಿಕೊಳ್ಳುತ್ತಾರೆ.)