ವೈಫೈ ಫುಲ್ ಉಂಟು, ಟಿವಿಗೆ ಮಾತ್ರ ಸರ್ವರ್ ಸಿಗುದಿಲ್ಲ: ಯಾಕೆ?

ನಮಸ್ಕಾರ. ಫೋನಲ್ಲಿ ಯೂಟ್ಯೂಬ್ ಚಂದ ಓಡ್ತದೆ. ಅದೇ ವೈಫೈ, ಅದೇ ರೂಮು, ಟಿವಿ ಮಾತ್ರ "ಸರ್ವರ್ ಸಂಪರ್ಕ ಇಲ್ಲ" ಅಂತದೆ. ಮಂಗಳೂರು, ಉಡುಪಿ ಕಡೆ ಗುಡುಗು ಸಿಡಿಲಿನ ದಿನಗಳಲ್ಲಿ ಈ ದೂರು ಜಾಸ್ತಿ. ಅದು ಕಾಕತಾಳೀಯ ಅಲ್ಲ, ಕಾರಣ ಉಂಟು. ಟಿವಿ ಆನ್ ಆದ ಮೇಲೆ ಆಪ್ ತೆರೆಯುವ ತನಕ ಒಳಗೆ ಒಂದರ ಹಿಂದೆ ಒಂದು ಕೆಲಸ ನಡೀತದೆ, ಮೊದಲಿನದ್ದು ತಪ್ಪಿದ್ರೆ ಮುಂದಿನದ್ದು ಆಗುದೇ ಇಲ್ಲ. ಹಾಗಾಗಿ ಪರೀಕ್ಷೆ ಕೂಡ ಅದೇ ಕ್ರಮದಲ್ಲಿ ಮಾಡ್ಬೇಕು. ಹೆಚ್ಚಿನವರು ನೇರ ಫ್ಯಾಕ್ಟರಿ ರಿಸೆಟ್ ಒತ್ತುತ್ತಾರೆ. ಅದು ಕೊನೆಯ ಮದ್ದು, ಮೊದಲಿನದ್ದಲ್ಲ.

ಟಿವಿ ಮೊದಲು ಮಾತಾಡುದು ಮನೆಯ ರೌಟರಿನ ಹತ್ತಿರ. ಡಿಎಚ್‌ಸಿಪಿ ಎಂಬ ಪದ್ಧತಿಯಲ್ಲಿ ರೌಟರ್ ಅದಕ್ಕೆ ಮೂರು ಸಂಗತಿ ಕೊಡ್ತದೆ: ಟಿವಿಯ ಐಪಿ ವಿಳಾಸ, ಹೊರಗೆ ಹೋಗುವ ಗೇಟ್‌ವೇ, ಹೆಸರು ಹುಡುಕಿ ಕೊಡುವ ಡಿಎನ್‌ಎಸ್ ಸರ್ವರಿನ ವಿಳಾಸ. ಈಗ ಸ್ಕ್ರೀನ್ ನೋಡಿ. ಸೆಟ್ಟಿಂಗ್ಸ್, ಜನರಲ್, ನೆಟ್‌ವರ್ಕ್, ನೆಟ್‌ವರ್ಕ್ ಸ್ಟೇಟಸ್. ಇದು ಸ್ಯಾಮ್‌ಸಂಗ್, ಹೊಸ ಮಾದರಿ ಇಲ್ಲ ಬೇರೆ ಕಂಪೆನಿಯದ್ದಾದ್ರೆ ಮೆನು ಹೆಸರು ಸ್ವಲ್ಪ ಆಚೀಚೆ ಇರ್ತದೆ. ಐಪಿ 192.168 ಅಥವಾ 10ರಿಂದ ಶುರುವಾದ್ರೆ ಈ ಹಂತ ಪಾಸ್. 169.254 ಅಂತ ಇದ್ರೆ, ಇಲ್ಲ ಬರೀ ಸೊನ್ನೆಗಳೇ ಇದ್ರೆ, ರೌಟರ್ ಉತ್ತರ ಕೊಟ್ಟೇ ಇಲ್ಲ ಅಂತ ಅರ್ಥ. ಆಗ ಆಪನ್ನು ಎಷ್ಟು ಸಲ ಅಳಿಸಿ ಹಾಕಿದ್ರೂ ಪ್ರಯೋಜನ ಇಲ್ಲ.

ನಮ್ಮ ಊರಿನ ಹಳೆ ಮನೆಗಳಲ್ಲಿ ಇದಕ್ಕೆ ದೊಡ್ಡ ಕಾರಣ ಕೆಂಪುಕಲ್ಲಿನ, ಅಂದ್ರೆ ಮುರಕಲ್ಲಿನ, ದಪ್ಪ ಗೋಡೆ. ವೈಫೈಯಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ಬಗೆಯ ಸಿಗ್ನಲ್ ಉಂಟು, ಅಂಥ ಗೋಡೆ ಎರಡು ದಾಟುವಷ್ಟರಲ್ಲಿ 5ರದ್ದು ಸುಸ್ತಾಗಿರ್ತದೆ. ರೌಟರ್ ಚಾವಡಿಯಲ್ಲಿ, ಟಿವಿ ಒಳಗಿನ ಕೋಣೆಯಲ್ಲಿ ಇದ್ರೆ 2.4 ಗಿಗಾಹರ್ಟ್ಸ್‌ಗೆ ಸೇರಿಸಿ ನೋಡಿ. ನಿಮ್ಮ ವೈಫೈಯ ಹೆಸರೇ ಟಿವಿಯ ಲಿಸ್ಟಲ್ಲಿ ಕಾಣುದಿಲ್ಲ ಅಂತಾದ್ರೆ ರೌಟರಿನ ಚಾನೆಲ್ ನೋಡಿ. 2.4ರಲ್ಲಿ 12 ಮತ್ತು 13ನೇ ಚಾನೆಲ್ ಕೆಲವು ಟಿವಿಗಳಿಗೆ ಕಾಣುದೇ ಇಲ್ಲ, ಹಾಗಾಗಿ 1, 6, 11ರಲ್ಲಿ ಒಂದು ಹಾಕಿ. 5ರಲ್ಲಿ 36ರಿಂದ 48ರ ಒಳಗೆ ಇಡಿ. ಎಲ್ಲಕ್ಕಿಂತ ಒಳ್ಳೆಯದು ಲ್ಯಾನ್ ಕೇಬಲ್. ಟಿವಿಗಳ ಲ್ಯಾನ್ ಪೋರ್ಟ್ ಹೆಚ್ಚಾಗಿ 100 ಎಂಬಿಪಿಎಸ್‌ನದ್ದೇ. ಕಡಿಮೆ ಅಂತ ಬೇಜಾರು ಬೇಡ, ನೆಟ್‌ಫ್ಲಿಕ್ಸ್ 4ಕೆಗೆ ಕೇಳುದು 15 ಎಂಬಿಪಿಎಸ್ ಮಾತ್ರ. ಮತ್ತೆ, ಫೈಬರ್ ಬಾಕ್ಸಲ್ಲಿ ಲಾಸ್ (LOS) ಅಂತ ಬರೆದ ಕೆಂಪು ಲೈಟ್ ಉರೀತಿದ್ರೆ ಟಿವಿ ಬಿಟ್ಟು ಇಂಟರ್ನೆಟ್‌ನವರಿಗೆ ಫೋನ್ ಮಾಡಿ. ಎಲ್ಲೋ ಫೈಬರ್ ತುಂಡಾಗಿರಬಹುದು ಅಥವಾ ಬಗ್ಗಿರಬಹುದು.

ಎರಡನೆಯದ್ದು ಹೆಸರು. ಆಪ್ ಸ್ಟೋರ್ ಎಲ್ಲಿ, ಅಪ್‌ಡೇಟ್ ಎಲ್ಲಿ ಕೇಳ್ಬೇಕು ಅನ್ನುವ ಸರ್ವರ್ ಹೆಸರುಗಳನ್ನು ಕಂಪೆನಿಯವರು ಟಿವಿಯ ಫರ್ಮ್‌ವೇರಿನಲ್ಲೇ, ಅಂದ್ರೆ ಒಳಗಿನ ಮೂಲ ಸಾಫ್ಟ್‌ವೇರಿನಲ್ಲೇ, ಬರೆದಿಟ್ಟಿರ್ತಾರೆ. ಅಂಕಿಯ ವಿಳಾಸ ಬೇಕಾದಾಗ ಬದಲಾಗ್ತದೆ, ಹೆಸರು ಬದಲಾಗುದಿಲ್ಲ. ಹೆಸರನ್ನು ವಿಳಾಸ ಮಾಡಿ ಕೊಡುದು ಡಿಎನ್‌ಎಸ್. ಇಲ್ಲಿ ಫೋನ್ ನಿಮ್ಮನ್ನು ದಾರಿ ತಪ್ಪಿಸ್ತದೆ, ಗಮನ ಇಡಿ. ವೈಫೈಯಲ್ಲಿ ಇಂಟರ್ನೆಟ್ ಸಿಗದಿದ್ರೆ ಫೋನ್ ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಹಾರ್ತದೆ. ಫೋನಿನ ಸೆಟ್ಟಿಂಗಲ್ಲಿ ಪ್ರೈವೇಟ್ ಡಿಎನ್‌ಎಸ್ ಹಾಕಿದ್ರೆ ರೌಟರ್ ಕೊಟ್ಟ ಡಿಎನ್‌ಎಸ್ ಅದಕ್ಕೆ ಬೇಡವೇ ಬೇಡ. ಟಿವಿಗೆ ಈ ಎರಡೂ ದಾರಿ ಸಾಮಾನ್ಯವಾಗಿ ಇಲ್ಲ. ಆದ್ದರಿಂದ ಫೋನಲ್ಲಿ ಮೊಬೈಲ್ ಡೇಟಾ ಬಂದ್ ಮಾಡಿ, ಪ್ರೈವೇಟ್ ಡಿಎನ್‌ಎಸ್ ಆಫ್ ಮಾಡಿ, ಆಮೇಲೆ ಯೂಟ್ಯೂಬ್ ತೆರೆದು ನೋಡಿ. ಫೋನೂ ನಿಂತ್ರೆ ತಪ್ಪು ಟಿವಿಯದ್ದಲ್ಲ.

ಆಗ ಟಿವಿಯ ಐಪಿ ಸೆಟ್ಟಿಂಗಲ್ಲಿ ಡಿಎನ್‌ಎಸ್ ಮಾತ್ರ ಕೈಯಾರೆ 8.8.8.8 ಅಥವಾ 1.1.1.1 ಹಾಕಿ. ಐಪಿ ಆಟೋಮ್ಯಾಟಿಕ್ ಇರಲಿ. ನಿಮ್ಮ ಇಂಟರ್ನೆಟ್‌ನವರ ಡಿಎನ್‌ಎಸ್ ಸರಿಯಾಗಿ ನಡೀತಿದ್ರೆ ಸುಮ್ಮನೆ ಬದಲಿಸ್ಬೇಡಿ. ದೊಡ್ಡ ವಿಡಿಯೋ ಸೇವೆಗಳು ಇಂಟರ್ನೆಟ್ ಕಂಪೆನಿಗಳ ಒಳಗೇ ಸಂಗ್ರಹದ ಸರ್ವರ್ ಇಟ್ಟಿರ್ತಾವೆ. ಡಿಎನ್‌ಎಸ್ ಬದಲಿಸಿದ್ರೆ ಕೆಲವು ಸಲ ಹತ್ತಿರದ್ದು ಬಿಟ್ಟು ದೂರದ್ದು ಸಿಗ್ತದೆ. ಜಾಹೀರಾತು ತಡೆಯುವ ಡಿಎನ್‌ಎಸ್ ಹಾಕಿದವರು ಮೊದಲು ಅದನ್ನು ತೆಗೆದು ನೋಡಿ. ಜಾಹೀರಾತಿನ ಹೆಸರುಗಳ ಜೊತೆ ಆಪ್ ಸ್ಟೋರಿನ, ಅಪ್‌ಡೇಟಿನ ಹೆಸರೂ ಅದರಲ್ಲಿ ಕೊಚ್ಚಿ ಹೋಗುದುಂಟು.

ಈಗ ಮೂರನೆಯದ್ದು: ಗಡಿಯಾರ. ಯಾರೂ ನೋಡದ ಜಾಗ ಇದು, ನಮ್ಮ ಊರಿಗೆ ಅತಿ ಹೆಚ್ಚು ಸಂಬಂಧ ಇರುದೂ ಇದೇ. ಸಿಡಿಲು ಶುರುವಾದ ಕೂಡಲೇ ನಾವು ಪ್ಲಗ್ ಕೀಳ್ತೇವೆ. ಅದು ತಪ್ಪಲ್ಲ, ಕೀಳ್ಲೇಬೇಕು. ಡಿಶ್ ವಯರು, ಲ್ಯಾನ್ ಕೇಬಲ್ ಕೂಡ. ಆದ್ರೆ ಹೆಚ್ಚಿನ ಟಿವಿಗಳಲ್ಲಿ ಕರೆಂಟ್ ಹೋದ ಮೇಲೂ ಸಮಯ ನೆನಪಿಡುವ ಬ್ಯಾಟರಿ ಇಲ್ಲ. ಪುನಃ ಆನ್ ಆದಾಗ ಅದು ಯಾವುದೋ ಹಳೆ ತಾರೀಕಿನಿಂದ ಶುರು ಮಾಡಿ, ಇಂಟರ್ನೆಟ್ ಸಿಕ್ಕಿದ ಮೇಲೆ ಎನ್‌ಟಿಪಿ ಸರ್ವರಿನಿಂದ ಸರಿ ಸಮಯ ತಗೊಳ್ತದೆ.

ಸಮಯ ಸಿಗದಿದ್ರೆ ಎಂಥ ಆಗ್ತದೆ? ಪ್ರತಿ ಸರ್ವರ್ ಟಿವಿಗೆ ಒಂದು ಸರ್ಟಿಫಿಕೇಟ್ ತೋರಿಸ್ತದೆ, ಅದರಲ್ಲಿ "ಈ ದಿನದಿಂದ ಈ ದಿನದ ತನಕ" ಅಂತ ಬರೆದಿರ್ತದೆ. ಬಜ್ಪೆ ಏರ್‌ಪೋರ್ಟಿನ ಕೌಂಟರಲ್ಲಿ ಕೂತವರ ಕ್ಯಾಲೆಂಡರ್ 2018 ತೋರಿಸಿದ್ರೆ, 2025ರಲ್ಲಿ ಕೊಟ್ಟ ಪಾಸ್‌ಪೋರ್ಟ್ ಅವರಿಗೆ ನಕಲಿ ಅಂತಲೇ ಕಾಣ್ತದೆ. ಟಿವಿ ಮಾಡುದೂ ಅದನ್ನೇ. ವೈಫೈ ಗುರುತು ಪೂರ್ತಿ ಇರ್ತದೆ, ಐಪಿ ಸರಿ ಇರ್ತದೆ, ಆಪ್ ಮಾತ್ರ ಒಂದೂ ತೆರೆಯುದಿಲ್ಲ. ಸೆಟ್ಟಿಂಗಲ್ಲಿ ತಾರೀಕು ನೋಡಿ. ತಪ್ಪಿದ್ರೆ ಆಟೋ ಮಾಡಿ, ಟೈಮ್ ಝೋನ್ ಭಾರತದ್ದೇ ಉಂಟಾ ನೋಡಿ. ಆಟೋದಲ್ಲಿ ಬಾರದಿದ್ರೆ ಕೈಯಾರೆ ಹಾಕಿ.

ಇದು ಪದೇ ಪದೇ ಆಗುದಕ್ಕೆ ಕಾರಣ ಆನ್ ಮಾಡುವ ಕ್ರಮ. ಕರೆಂಟ್ ಬಂದ ಕೂಡಲೇ ಟಿವಿಯೂ ರೌಟರೂ ಒಟ್ಟಿಗೆ ಏಳ್ತಾವೆ. ಟಿವಿ ಬೇಗ ಎದ್ದು ಇಂಟರ್ನೆಟ್ ಕೇಳ್ತದೆ. ಫೈಬರ್ ಬಾಕ್ಸ್‌ಗೆ ಲೈನ್ ಹಿಡಿಯಲಿಕ್ಕೆ ಎರಡು ಮೂರು ನಿಮಿಷ ಬೇಕು. ಒಮ್ಮೆ ಸೋತ ಟಿವಿ ಕೂಡಲೇ ಪುನಃ ಕೇಳುದಿಲ್ಲ. ರೌಟರ್ ಮೊದಲು ಹಾಕಿ, ಅದರ ಇಂಟರ್ನೆಟ್ ಲೈಟ್ ಸ್ಥಿರ ಆಗಲಿ, ಆಮೇಲೆ ಟಿವಿ. ಆಗಲೇ ಆನ್ ಮಾಡಿ ಆಗಿದ್ರೆ ಟಿವಿ ರೀಸ್ಟಾರ್ಟ್ ಮಾಡಿ. ಸ್ಯಾಮ್‌ಸಂಗಲ್ಲಿ ರಿಮೋಟಿನ ಪವರ್ ಬಟನ್ ಒತ್ತಿ ಹಿಡಿದ್ರೆ ಟಿವಿ ಆಫ್ ಆಗಿ ಕಂಪೆನಿ ಹೆಸರು ಪುನಃ ಬರ್ತದೆ. ಸುಮ್ಮನೆ ಒಮ್ಮೆ ಒತ್ತಿದ್ರೆ ಟಿವಿ ನಿದ್ದೆಗೆ ಹೋಗುದಷ್ಟೇ, ರೀಸ್ಟಾರ್ಟ್ ಆಗುದಿಲ್ಲ.

ತಾರೀಕು ಸರಿ ಇದ್ದೂ ಹಳೆ ಟಿವಿ ಹಠ ಮಾಡಿದ್ರೆ, ರೂಟ್ ಸರ್ಟಿಫಿಕೇಟ್ ಅವಧಿ ಮುಗಿದಿರಬಹುದು. ಯಾರನ್ನು ನಂಬ್ಬೇಕು ಅನ್ನುವ ಈ ರೂಟ್‌ಗಳ ಪಟ್ಟಿ ಟಿವಿಯ ಒಳಗೆ ಉಂಟು, ಪ್ರತಿ ರೂಟಿಗೂ ಕೊನೆಯ ದಿನ ಉಂಟು. 2020ರ ಮೇ 30ಕ್ಕೆ ಒಂದು, 2021ರ ಸೆಪ್ಟೆಂಬರ್ 30ಕ್ಕೆ ಸರ್ವರುಗಳಿಗೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಆಸರೆ ಮಾಡಿಕೊಂಡಿದ್ದ ಇನ್ನೊಂದು ಹಳೆ ರೂಟ್ ಮುಗಿದಾಗ ಜಗತ್ತಿನಾದ್ಯಂತ ಹಳೆ ಉಪಕರಣಗಳು ಮುಗ್ಗರಿಸಿದ್ದವು. ಮದ್ದು ಒಂದೇ, ಫರ್ಮ್‌ವೇರ್ ಅಪ್‌ಡೇಟ್. ಅದಕ್ಕೆ ಬರುವ.

ಅದಕ್ಕೂ ಮೊದಲು ಎರಡು ವಿಷಯ ಬೇಗ ಮುಗಿಸುವ. ಮಣಿಪಾಲದ ಪಿಜಿ, ಹಾಸ್ಟೆಲಿನ ಮಕ್ಕಳಿಗೆ: ಲಾಗಿನ್ ಪೇಜ್ ಬರುವ ವೈಫೈಯಲ್ಲಿ ಆಂಡ್ರಾಯ್ಡ್ ಟಿವಿ ಗೂಗಲಿನ ಒಂದು ಖಾಲಿ ಪುಟ ಕೇಳಿ 204 ಅನ್ನುವ ಉತ್ತರ ಕಾಯ್ತದೆ. ಅದರ ಬದಲು ಲಾಗಿನ್ ಪೇಜ್ ಬಂದ್ರೆ "ಇಂಟರ್ನೆಟ್ ಇಲ್ಲ" ಅಂತದೆ. ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಟಿವಿಯ ಮ್ಯಾಕ್ ವಿಳಾಸ (ಪ್ರತಿ ಉಪಕರಣಕ್ಕೆ ಇರುವ ಗುರುತಿನ ಸಂಖ್ಯೆ) ಕೊಟ್ಟು ನೋಂದಾಯಿಸಿ, ಅದು ಅಬೌಟ್ ಪುಟದಲ್ಲಿ ಸಿಗ್ತದೆ. ಫೋನಿನಿಂದ ಕಾಸ್ಟ್ ಮಾಡುವಾಗ ಟಿವಿ ಕಾಣದಿದ್ರೆ ಎರಡೂ ಒಂದೇ ನೆಟ್‌ವರ್ಕಲ್ಲಿ ಉಂಟಾ ನೋಡಿ. ಗೆಸ್ಟ್ ವೈಫೈ ಇದ್ರೆ, ಇಲ್ಲ ರೌಟರಿನಲ್ಲಿ ಉಪಕರಣಗಳನ್ನು ಬೇರೆ ಬೇರೆ ಇಡುವ ಎಪಿ ಐಸೊಲೇಶನ್ ಆನ್ ಇದ್ರೆ ಒಂದಕ್ಕೊಂದು ಕಾಣುದಿಲ್ಲ.

ಗಲ್ಫ್‌ನಿಂದ ಟಿವಿ ತಂದ ಮನೆಗಳು ಇಲ್ಲಿ ಎಷ್ಟುಂಟು ಅಂತ ಹೇಳ್ಬೇಕಾಗಿಲ್ಲ. ಅದರಲ್ಲಿ ಜಿಯೋಹಾಟ್‌ಸ್ಟಾರ್ ಸ್ಟೋರಲ್ಲೇ ಕಾಣುದಿಲ್ಲ ಅನ್ನುದು ಮಾಮೂಲು ಪ್ರಶ್ನೆ. ಆಪ್ ಪಟ್ಟಿ ಕೊಡುವಾಗ ಸರ್ವರ್ ಟಿವಿಯ ದೇಶ ಕೇಳ್ತದೆ. ಎಲ್‌ಜಿಯಲ್ಲಿ ಲೊಕೇಶನ್ ಒಳಗೆ ಸರ್ವೀಸ್ ಕಂಟ್ರಿ ಅಂತ ಉಂಟು, ಅದನ್ನು ಭಾರತ ಮಾಡಿ. ಗೂಗಲ್ ಟಿವಿಯಲ್ಲಿ ದೇಶ ಟಿವಿಯದ್ದಲ್ಲ, ಗೂಗಲ್ ಖಾತೆಯದ್ದು. ಪ್ಲೇ ಸ್ಟೋರಿನ ದೇಶ ವರ್ಷಕ್ಕೆ ಒಮ್ಮೆ ಮಾತ್ರ ಬದಲಿಸ್ಲಿಕ್ಕೆ ಆಗ್ತದೆ. ದುಬೈಯಲ್ಲಿ ಮಾಡಿದ ಖಾತೆ ಇದ್ರೆ, ಇಲ್ಲಿನ ಖಾತೆ ಒಂದನ್ನು ಟಿವಿಗೆ ಸೇರಿಸುದು ಸುಲಭ.

ಈಗ ಅಪ್‌ಡೇಟ್. ಟಿವಿ ತನ್ನ ಮಾದರಿ, ಪ್ರದೇಶ, ಈಗಿನ ಆವೃತ್ತಿ ಇಷ್ಟನ್ನು ಸರ್ವರಿಗೆ ಹೇಳ್ತದೆ. ಹೊಸದು ಇದ್ರೆ ಸರ್ವರ್ ಫೈಲ್ ಎಲ್ಲುಂಟು ಅಂತ ತಿಳಿಸ್ತದೆ. ಇಳಿಸಿದ ಮೇಲೆ ಟಿವಿ ಅದರ ಡಿಜಿಟಲ್ ಸಹಿ ನೋಡ್ತದೆ, ಕಂಪೆನಿಯದ್ದಲ್ಲದಿದ್ರೆ ಹಾಕುದಿಲ್ಲ. ಪಕ್ಕದ ಮನೆಯ ಅದೇ ಮಾದರಿಗೆ ಬಂದದ್ದು ನಿಮಗೆ ಬಾರದಿದ್ರೆ ಮಂಡೆಬಿಸಿ ಮಾಡ್ಬೇಡಿ. ಎಲ್ಲರಿಗೂ ಒಂದೇ ದಿನ ಬಿಡುದಿಲ್ಲ, ಸ್ವಲ್ಪ ಜನರಿಗೆ ಬಿಟ್ಟು ತೊಂದರೆ ಇಲ್ಲ ಅಂತ ಕಂಡ ಮೇಲೆ ಉಳಿದವರಿಗೆ.

ತಿಂಗಳುಗಟ್ಟಲೆ ಬಾರದಿದ್ರೆ ಮಾತ್ರ ಗೋಡೆಯ ಸ್ವಿಚ್ ನೋಡಿ. ಆಟೋ ಅಪ್‌ಡೇಟ್ ಆನ್ ಇದ್ರೂ ಎಷ್ಟೋ ಟಿವಿಗಳು ಅಪ್‌ಡೇಟ್ ಹಾಕಿಕೊಳ್ಳುದು ನೀವು ರಿಮೋಟಲ್ಲಿ ಆಫ್ ಮಾಡಿದ ಮೇಲೆ, ಸ್ಟ್ಯಾಂಡ್‌ಬೈಯಲ್ಲಿ. ರಾತ್ರಿ ಮಲಗುವಾಗ ಬೋರ್ಡಿನ ಸ್ವಿಚ್ಚೇ ತೆಗೆಯುವ ಮನೆಯಲ್ಲಿ ಅದಕ್ಕೆ ಸಮಯವೇ ಸಿಗುದಿಲ್ಲ ಮಾರಾಯ್ರೆ. ಅಭ್ಯಾಸ ಬಿಡಿ ಅಂತ ಹೇಳುದಿಲ್ಲ, ಸಿಡಿಲಿನ ಊರು ಇದು. ಮೋಡ ಇಲ್ಲದ ದಿನ ನೋಡಿ, ಸಾಫ್ಟ್‌ವೇರ್ ಅಪ್‌ಡೇಟಿಗೆ ಹೋಗಿ, ಅಪ್‌ಡೇಟ್ ನೌ ಒತ್ತಿ. ಗೂಗಲ್ ಟಿವಿಯಲ್ಲಿ ಸಿಸ್ಟಮ್, ಅಬೌಟ್, ಸಿಸ್ಟಮ್ ಅಪ್‌ಡೇಟ್. ಫೈಲ್ ಕೆಲವು ನೂರು ಎಂಬಿಯಿಂದ ಒಂದು ಜಿಬಿ ದಾಟುವ ತನಕ ಇರಬಹುದು, ಮೊಬೈಲ್ ಹಾಟ್‌ಸ್ಪಾಟಲ್ಲಿ ಮಾಡುವವರು ಡೇಟಾ ನೋಡಿಕೊಳ್ಳಿ. 8 ಜಿಬಿ ಸಂಗ್ರಹದ ಟಿವಿಯಾದ್ರೆ ಜಾಗ ಸಾಲದೆ ಅಪ್‌ಡೇಟ್ ಅರ್ಧಕ್ಕೆ ನಿಲ್ಲಬಹುದು. ಬಳಸದ ಆಪ್ ತೆಗೆದು ಉಳಿದವುಗಳ ಕ್ಯಾಶ್, ಅಂದ್ರೆ ತಾತ್ಕಾಲಿಕ ಫೈಲುಗಳನ್ನು, ಅಳಿಸಿ.

ಇನ್‌ಸ್ಟಾಲ್ ಆಗುವಾಗ ಕರೆಂಟ್ ಹೋಗ್ಬಾರದು. ಫರ್ಮ್‌ವೇರಿನ ಎರಡು ಪ್ರತಿ ಇಡುವ ಟಿವಿಗಳು ಹಳೆಯದ್ದಕ್ಕೆ ಮರಳ್ತಾವೆ, ಒಂದೇ ಪ್ರತಿ ಇರುವವು ಲೋಗೋದಲ್ಲೇ ನಿಲ್ಲಬಹುದು. ಆ ಅರ್ಧ ಗಂಟೆ ಟಿವಿಯನ್ನು ಇನ್ವರ್ಟರ್ ಲೈನಿಗೆ ಹಾಕಿದ್ರೆ ಒಳ್ಳೆಯದು.

ಇಂಟರ್ನೆಟ್ ಮೂಲಕ ಆಗುದೇ ಇಲ್ಲ ಅಂದ್ರೆ ಪೆನ್‌ಡ್ರೈವ್ ದಾರಿ ಉಂಟು. ಟಿವಿಯ ಹಿಂದಿನ ಸ್ಟಿಕ್ಕರಿನಲ್ಲಿರುವ ಪೂರ್ತಿ ಮಾದರಿ ಸಂಖ್ಯೆ ಬರೆದುಕೊಳ್ಳಿ, ಕೊನೆಯ ಅಕ್ಷರಗಳನ್ನೂ ಬಿಡ್ಬೇಡಿ. ಗಲ್ಫ್ ಮಾದರಿಗೂ ಇಲ್ಲಿನದ್ದಕ್ಕೂ ವ್ಯತ್ಯಾಸ ಇರುದು ಅಲ್ಲೇ. ಕಂಪೆನಿಯ ಸಪೋರ್ಟ್ ಪುಟದಿಂದಲೇ ಫೈಲ್ ಇಳಿಸಿ. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟಲ್ಲಿ ಇರಲಿ. ಸ್ಯಾಮ್‌ಸಂಗ್‌ದು ಝಿಪ್ ಬಿಚ್ಚಿ, ಬಂದದ್ದನ್ನು ಬೇರೆ ಫೋಲ್ಡರಿನ ಒಳಗೆ ಹಾಕದೆ ಪೆನ್‌ಡ್ರೈವಿನ ಮೊದಲ ಪುಟದಲ್ಲೇ ಇಡಿ. ಎಲ್‌ಜಿಗೆ ಮಾತ್ರ ಎಲ್, ಜಿ, ಅಂಡರ್‌ಸ್ಕೋರ್, ಡಿ, ಟಿ, ವಿ ಅಂತ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಫೋಲ್ಡರ್ ಮಾಡಿ ಅದರೊಳಗೆ ಫೈಲ್ ಹಾಕಿ. ಝಿಪ್ ಬಿಚ್ಚದೆ ಹಾಕುದು ಮತ್ತು ಫೋಲ್ಡರಿನ ಹೆಸರು ತಪ್ಪಿಸುದು, "ಫೈಲ್ ಸಿಗಲಿಲ್ಲ" ಅಂತ ಬರುದಕ್ಕೆ ಹೆಚ್ಚಾಗಿ ಇವೆರಡೇ ಕಾರಣ.

ಫರ್ಮ್‌ವೇರ್ ಹೊಸತಾದ್ರೂ ಆಪ್ ಬರುದಿಲ್ಲ ಅನ್ನುವ ಸ್ಥಿತಿ ಒಂದುಂಟು. ಸೇವೆಯವರೇ ಹಳೆ ಟಿವಿಯನ್ನು ಕೈಬಿಟ್ಟಿರ್ತಾರೆ. 2015ರ ಏಪ್ರಿಲಿನಲ್ಲಿ ಯೂಟ್ಯೂಬ್ ತನ್ನ ಹಳೆ ಎಪಿಐ (ಆಪ್ ಸರ್ವರಿನ ಹತ್ತಿರ ಮಾತಾಡುವ ದಾರಿ) ನಿಲ್ಲಿಸಿದಾಗ 2012 ಮತ್ತು ಅದಕ್ಕೂ ಹಿಂದಿನ ಎಷ್ಟೋ ಟಿವಿಗಳಲ್ಲಿ ಆ ಆಪ್ ಹೋಯ್ತು. 2019ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ 2010–11ರ ಕೆಲವು ಸ್ಯಾಮ್‌ಸಂಗ್ ಟಿವಿಗಳನ್ನು ಬಿಟ್ಟಿತು. ಅಲ್ಲಿ ಡಿಎನ್‌ಎಸ್, ರಿಸೆಟ್ ಏನೂ ನಡೆಯುದಿಲ್ಲ. ಪ್ಯಾನೆಲ್ ಚಂದ ಇದ್ರೆ ಟಿವಿ ಬಿಸಾಡುದು ದಂಡ, ಎಚ್‌ಡಿಎಂಐ ಪೋರ್ಟಿಗೆ ಒಂದು ಸ್ಟ್ರೀಮಿಂಗ್ ಸ್ಟಿಕ್ ಹಾಕಿ.

ಸ್ಟಿಕ್ಕಿಗೆ ಕರೆಂಟ್ ಮಾತ್ರ ಟಿವಿಯ ಯುಎಸ್‌ಬಿಯಿಂದ ಕೊಡ್ಬೇಡಿ. ಹಳೆ ಟಿವಿಯ ಯುಎಸ್‌ಬಿ 2.0 ಪೋರ್ಟ್ ಕೊಡುದು ಅರ್ಧ ಆಂಪಿಯರ್, ಸ್ಟಿಕ್ಕಿನ ಅಡಾಪ್ಟರ್ ಸಾಮಾನ್ಯವಾಗಿ 1 ಆಂಪಿಯರ್ ಇಲ್ಲ ಅದಕ್ಕಿಂತ ಹೆಚ್ಚಿನದ್ದು. ವಿಡಿಯೋ ಮಧ್ಯೆ ತಾನಾಗಿ ರೀಸ್ಟಾರ್ಟ್ ಆಗುದು ಅದಕ್ಕೇ. ಮತ್ತೆ, ಟಿವಿ ಆಫ್ ಆದಾಗ ಹೆಚ್ಚಿನ ಟಿವಿಗಳಲ್ಲಿ ಆ ಪೋರ್ಟಿನ ಕರೆಂಟೂ ಹೋಗ್ತದೆ, ರಾತ್ರಿ ಬರ್ಬೇಕಾದ ಸ್ಟಿಕ್ಕಿನ ಅಪ್‌ಡೇಟೂ ಬರುದಿಲ್ಲ. ಪೆಟ್ಟಿಗೆಯಲ್ಲಿ ಬಂದ ಅಡಾಪ್ಟರನ್ನೇ ಗೋಡೆಗೆ ಹಾಕಿ, ರೌಟರಿನ ಪಕ್ಕದ ಸಾಕೆಟಲ್ಲಾದ್ರೆ ಸಿಡಿಲು ಬಂದಾಗ ಎರಡನ್ನೂ ಒಟ್ಟಿಗೆ ಕೀಳ್ಲಿಕ್ಕೆ ಆಗ್ತದೆ.