ನೆಲವಿಲ್ಲದ ಚೀನಾ: ಕತ್ತರಿಗಾಗಿ ಬಿಡಿಸಿದ ಭೂದೃಶ್ಯಗಳು

[ತೆರೆಯ ಮೇಲೆ: ಪಿಲ್ಮಾಂ ವಿನ್ಯಾಸದ ಅಚ್ಚುಚಿತ್ರ, ಪೂರ್ತಿ ಹಾಳೆ]

ನಮಸ್ಕಾರ. ಈ ಚಿತ್ರದಲ್ಲಿ ನೆಲ ಎಲ್ಲಿದೆ, ಸ್ವಲ್ಪ ಹುಡುಕಿ. ಒಂದು ತುಂಡು ಮಣ್ಣು. ಅದರ ಮೇಲೆ ಕಡ್ಡಿಯಂಥ ಕಂಬಗಳ ಮಂಟಪ, ಕೊಡೆ ಹಿಡಿದ ಒಬ್ಬ ಮನುಷ್ಯ, ಅವನಿಗಿಂತ ದೊಡ್ಡದೊಂದು ಹೂವು. ಕೆಳಗೆ ಏನೂ ಇಲ್ಲ, ಬರೀ ಬಿಳಿ ಕಾಗದ.

ಇದು ಶಿನ್ವಾಸರಿ. 18ನೇ ಶತಮಾನದ ಯುರೋಪು ತನ್ನ ಕಲ್ಪನೆಯಲ್ಲೇ ಕಟ್ಟಿಕೊಂಡ ಚೀನಾ. ಬಿಡಿಸಿದವನು ಫ್ರಾನ್ಸಿನ ಲಿಯೋನ್ ನಗರದ ಜಾಂ-ಬಾಪ್ತೀಸ್ತ್ ಪಿಲ್ಮಾಂ. ಲಿಸ್ಬನ್, ಲಂಡನ್, ವಿಯೆನ್ನಾ, ವಾರ್ಸಾ ಎಲ್ಲ ಸುತ್ತಿದ ಈತ ಚೀನಾಕ್ಕೆ ಮಾತ್ರ ಕಾಲಿಡಲಿಲ್ಲ.

ಹಾಗಾದರೆ ಇದು ಬರೀ ಅಜ್ಞಾನವೇ? ನನಗೆ ಹಾಗನ್ನಿಸುವುದಿಲ್ಲ. ಈ ಹಾಳೆಗಳು ಗೋಡೆಗೆ ತೂಗುಹಾಕಲು ಬಂದವಲ್ಲ, ಕೆಲಸಕ್ಕೆ ಬಂದವು.

[ತೆರೆಯ ಮೇಲೆ: ಕತ್ತರಿ, ಬಣ್ಣ ಹಚ್ಚಿದ ಕಾಗದದ ತುಂಡುಗಳು, ಮರದ ಪೆಟ್ಟಿಗೆ]

1760ರ ಸುಮಾರಿಗೆ ಲಂಡನ್ನಿನ ರಾಬರ್ಟ್ ಸೇಯರ್ 'ದಿ ಲೇಡೀಸ್ ಅಮ್ಯೂಸ್‌ಮೆಂಟ್' ಎಂಬ ಪುಸ್ತಕ ತಂದ. ತಾಮ್ರದ ತಗಡಿನಲ್ಲಿ ಕೆತ್ತಿ ಅಚ್ಚು ಹಾಕಿದ 200 ಹಾಳೆ, 1500ಕ್ಕೂ ಹೆಚ್ಚು ವಿನ್ಯಾಸ. ಪಿಲ್ಮಾಂ ಕೈಚಳಕ ಅದರಲ್ಲಿ ಬೇಕಾದಷ್ಟಿದೆ. ಮನೆಯ ಹೆಂಗಸರು ಚಿತ್ರಗಳಿಗೆ ಬಣ್ಣ ತುಂಬಿ, ಕತ್ತರಿಸಿ, ಪೆಟ್ಟಿಗೆಯ ಮೇಲೆ ಅಂಟಿಸಿ, ಮೇಲಿಂದ ಮೆರುಗೆಣ್ಣೆ ಬಳಿಯುತ್ತಿದ್ದರು. ಪಿಂಗಾಣಿಯ ಮೇಲೆ ಚಿತ್ರ ಅಚ್ಚೊತ್ತುವವರೂ ಇಂಥ ಪುಸ್ತಕಗಳನ್ನೇ ಪಕ್ಕದಲ್ಲಿಟ್ಟುಕೊಂಡರು.

ಈಗ ಆ ಬಿಳಿ ಕಾಗದವನ್ನು ಇನ್ನೊಮ್ಮೆ ನೋಡಿ. ಕತ್ತರಿ ಓಡುವುದೇ ಅಲ್ಲಿ! ಹಿನ್ನೆಲೆಯಲ್ಲಿ ದಿಗಂತವಿಲ್ಲ, ಹಾಗಾಗಿ ಮಂಟಪವನ್ನು ಎಲ್ಲಿ ಬೇಕಾದರೂ ಕೂರಿಸಬಹುದು. ಗಾತ್ರಕ್ಕೆ ಲೆಕ್ಕವಿಲ್ಲ, ಹಾಗಾಗಿ ಹೂವಿನ ಪಕ್ಕ ಯಾವ ಆಕೃತಿಯಾದರೂ ನಿಂತೀತು.

ಆದರೆ ಅದೇ ಪುಸ್ತಕದ ಒಂದು ಸಲಹೆ ನನ್ನನ್ನು ಚುಚ್ಚುತ್ತದೆ. ಯುರೋಪಿನ ದೃಶ್ಯವಾದರೆ ಹೊಂದದ್ದನ್ನು ಸೇರಿಸಬೇಡಿ. ಭಾರತ, ಚೀನಾದ ದೃಶ್ಯವಾದರೆ ಹೆಚ್ಚು ಸ್ವಾತಂತ್ರ್ಯ ವಹಿಸಬಹುದು, ಅಲ್ಲಿ ಚಿಟ್ಟೆಯೊಂದು ಆನೆಯನ್ನು ಹೊತ್ತಿರುವುದೂ ಉಂಟು ಎನ್ನುತ್ತದೆ. ರೇಖೆ ಎಷ್ಟೇ ಚೆಲುವಾಗಿರಲಿ, ನಿಯಮ ತಮಗೆ, ವಿಚಿತ್ರ ಇತರರಿಗೆ ಎಂಬ ಈ ಹಂಚಿಕೆಯನ್ನು ಸುಮ್ಮನೆ ಬಿಡಲಾಗದು.

[ತೆರೆಯ ಮೇಲೆ: ಎಡಕ್ಕೆ ಮತ್ತೆಯೊ ರೀಪಾ ಕೆತ್ತಿದ ಹಾಳೆ, ಬಲಕ್ಕೆ ಪಿಲ್ಮಾಂ]

ಏಕೆಂದರೆ ನಿಜವಾದ ಚೀನೀ ಭೂದೃಶ್ಯ ಲಂಡನ್ನಿಗೆ ಆಗಲೇ ಬಂದಿತ್ತು. ಇಟಲಿಯ ಪಾದ್ರಿ ರೀಪಾ, ಕಾಂಗ್‌ಶೀ ಚಕ್ರವರ್ತಿಯ ಬೇಸಿಗೆ ಅರಮನೆಯ 36 ನೋಟಗಳನ್ನು ಚೀನಾದಲ್ಲೇ ತಾಮ್ರದಲ್ಲಿ ಕೆತ್ತಿದ್ದ. ಊರಿಗೆ ಮರಳುವಾಗ, 1724ರಲ್ಲಿ, ಲಂಡನ್ ಮುಟ್ಟಿದ. ಎಡಗಡೆಯ ಹಾಳೆಯಲ್ಲಿ ಬೆಟ್ಟ, ನೀರು, ಸೂರು ಒಂದಕ್ಕೊಂದು ಬೆಸೆದುಕೊಂಡಿವೆ. ಅದರಿಂದ ಮಂಟಪವೊಂದನ್ನೇ ಕತ್ತರಿಸಿ ತೆಗೆಯಲು ಹೋದರೆ ಬೆಟ್ಟವೂ ತುಂಡಾಗುತ್ತದೆ.